ಹನ್ನೊಂದು ನಿಮಿಷ

ಮೇಜಿನಡಿ, ನನ್ನ ಕಾಲಿಗೆ ತಾಗುವಂತೆ ಕೂತಿದೆ
ಕುಂಬಳಕಾಯಿಯಷ್ಟು ತೂಕದ ಕರಿ ಡಬ್ಬಿ.
ಕರೆಂಟು ಹೋದಾಗ ಮಾತ್ರ ಬಾಯಿಬಿಡುತ್ತದೆ:
ಮೊದಲು ಬಿಟ್ಟು ಬಿಟ್ಟು ಕೂಗು,
ಕೊನೆಗೆ ಉಸಿರೆಳೆಯದೆ ಒಂದೇ ಸಮ.

ಹೊಸದರಲ್ಲಿ ಇಪ್ಪತ್ತು ನಿಮಿಷ ಕೊಡುತ್ತಿತ್ತು,
ಎರಡನೇ ಬೇಸಿಗೆಗೆ ನಾಲ್ಕಕ್ಕಿಳಿಯಿತು.
ಒಂದು ಲಗ್ನಪತ್ರಿಕೆಯೇ ಹೋಯಿತು,
ವರನ ಕಡೆಯವರ ಹೆಸರೇ ಅರವತ್ತೆರಡು.

ಕೊಬ್ಬರಿ ಮಂಡಿ ಹಿಂದಿನ ಅಮಾನುಲ್ಲಾ ಬಂದ.
ಆಟೋ, ಟ್ರ್ಯಾಕ್ಟರು, ಮೈಕ್‌ಸೆಟ್ಟು,
ಬ್ಯಾಟರಿ ಎಂದರೆ ಅರಸೀಕೆರೆಗೆ ಅವನೇ.
ಮುಚ್ಚಳ ಬಿಚ್ಚಿ, ಸಂತೆಯಲ್ಲಿ ಹಸುವಿನ ಮೈ ನೋಡುವಂತೆ
ತಟ್ಟಿ ತಟ್ಟಿ ನೋಡಿದ.

"ಏನಕ್ಕಾ, ಪ್ರಿಂಟರ್‌ನೂ ಇದಕ್ಕೇ ಸಿಕ್ಕಿಸಿದೀಯಾ?
ಒಂದು ಹಾಳೆಗೆ ಇದರ ರಕ್ತ ಹೀರುತ್ತೆ ಅದು. ಗೋಡೆಗೆ ಹಾಕು.
ಈ ಕಸೂತಿ ಬಟ್ಟೆ ತೆಗಿ, ಇದಕ್ಕೇನು ಚಳಿಯಾ?
ಫ್ರಿಜ್ಜಿನ ಬಿಸಿಗಾಳಿಯಿಂದ ಈಚೆ ತಾ.
ಪೂರಾ ಬರಿದಾಗೋಕೆ ಬಿಡಬೇಡ.
ಹಂಗಂತ ತುಂಬಿಸಿ ಸುಮ್ನೆ ಕೂರಿಸಲೂಬೇಡ,
ತಿಂಗಳಿಗೊಂದ್ಸಲ ನೀನೇ ಸ್ವಿಚ್ ಆರಿಸಿ ಐದು ನಿಮಿಷ ದುಡಿಸು."

"ಮನುಷ್ಯರೂ ಹಿಂಗೇ ಅಲ್ವಾ" ಎಂದೆ.
"ಮನುಷ್ಯರಿಗೆ ಗ್ಯಾರಂಟಿ ಕಾರ್ಡಿಲ್ಲಕ್ಕಾ" ಎಂದವನೇ
ಹೊಸದರ ಬೆನ್ನಿಗೆ ತಾರೀಕು ಗೀಚಿ
ಹಳೆಯದಕ್ಕೆ ಇನ್ನೂರು ಕಳೆದ.

ಮೂರು ವರ್ಷವಾಯಿತು.
ಈಗಲೂ ಹನ್ನೊಂದು ನಿಮಿಷ ಕೊಡುತ್ತದೆ.
ನಾನು ಬಳಸುವುದು ಎರಡೇ: ಉಳಿಸು, ಮುಚ್ಚು, ಆರಿಸು.
ಮಿಕ್ಕ ಒಂಬತ್ತು, ಸಾಸಿವೆ ಡಬ್ಬಿಯ ದುಡ್ಡು.

ಮೊನ್ನೆ ರಾತ್ರಿ ಎಂಟೂವರೆಗೆ ಹೋಯಿತು,
ರೈಲ್ವೆ ಗೇಟಿನ ಟಿಸಿ ಢಮ್ಮೆಂದು.
ಕಲ್ಲೇಶಪ್ಪನವರ ಶಿವಗಣಾರಾಧನೆಯ ಕಾರ್ಡು ಮುಗಿದಿತ್ತು.
ಆರಿಸಿ ಕೂತೆ. ಪ್ರೆಸ್ಸಿನ ಹುಡುಗ ಒಂಬತ್ತಕ್ಕೆ ಬರುವವ.

ಬಾಗಿಲಲ್ಲಿ ಒಬ್ಬಾಕೆ, ಮೊಬೈಲ್ ಬೆಳಕು ನೆಲಕ್ಕೆ ಹಿಡಿದು.
"ಅವರ ಕಾರ್ಡಿನಾಗೆ ಹಾಲಮ್ಮ ಅಂತ ಹೆಸರು ಐತಾ?"

ಇರಲಿಲ್ಲ. ಮಗ ಷಡಕ್ಷರಿ ಕೊಟ್ಟ ಚೀಟಿಯಲ್ಲಿ
ಹೆಂಡತಿ, ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು,
ಆಮೇಲೆ ನೇರ ಬಂಧುಮಿತ್ರರು.

"ಬಾಣಾವರದಾಗೆ ಇಪ್ಪತ್ತಾರು ವರ್ಷ ಅವರಿಗೆ ಬುತ್ತಿ ಕಟ್ಟಿದೀನಿ.
ಮೇಲೆ ಬ್ಯಾಡ. ಕೊನೇಗೆ ಹಾಕಿದ್ರೂ ಸಾಕು."

ಹಾಕಲು ನಾನ್ಯಾರು? ಷಡಕ್ಷರಿಗೆ ಫೋನು ಮಾಡಿದೆ.
ಹೆಸರು ಕೇಳಿ ಅವನು ಮಾತು ನಿಲ್ಲಿಸಿದ.
ನಮ್ಮ ಕಿಟಕಿಯಾಚೆ ಹೋಗುತ್ತಿದ್ದ ಗೂಡ್ಸು ರೈಲು
ಅವನ ಫೋನಿನೊಳಗೂ ಹೋಗುತ್ತಿತ್ತು,
ಡಬ್ಬಿ ಮೇಲೆ ಡಬ್ಬಿ, ಮುಗಿಯದೆ.
ಕೊನೆಗೆ: "ಬಂಧುಮಿತ್ರರಿಗಿಂತ ಮುಂಚೆ ಹಾಕಿ.
ಸಣ್ಣ ಅಕ್ಷರ ಬೇಡ."

ಒತ್ತಿದೆ. ಡಬ್ಬಿ ಕೂಗಿತು.
ಕಂಪ್ಯೂಟರು ಕಣ್ಣುಬಿಡುವುದಕ್ಕೇ ಮೂರು ನಿಮಿಷ.
ಒಂದು ಸಾಲು ಇಳಿಸಿದರೆ ಪೆಂಡಾಲಿನ ವಿಳಾಸ ಕೆಳಗೆ ಬಿತ್ತು,
ಬಿಲ್ವಪತ್ರೆಯ ಚಿತ್ರ ಕಿರಿದು ಮಾಡಿದೆ.
ಆಕೆ ಹಿಂದೆ ನಿಂತು ಬೆರಳಲ್ಲಿ ಅಕ್ಷರ ಲೆಕ್ಕ ಹಾಕುತ್ತಿದ್ದಳು:
ಹಾ. ಲ. ಮ್ಮ.
ಪೆನ್‌ಡ್ರೈವ್ ಕೀಳುವಷ್ಟರಲ್ಲಿ ಒಂದೇ ಸಮ ಕೂಗಿ
ಎಲ್ಲ ಕಪ್ಪಾಯಿತು.

"ಹೋಯ್ತಾ?"
"ಇಲ್ಲ, ಇದೆ" ಎಂದು ಅವಳ ಕೈಗೇ ಕೊಟ್ಟೆ.
ಹುಡುಗ ಬರುವ ತನಕ ಮುಷ್ಟಿ ಬಿಚ್ಚಲಿಲ್ಲ.

ಹತ್ತೂವರೆಗೆ ಕರೆಂಟು ಬಂತು.
ಕಾಲ ಬಳಿ ಹಸಿರು ದೀಪ ಬೆಳಗಿನವರೆಗೂ ಮಿಣುಕಿತು,
ದನ ನೀರು ಕುಡಿದಂತೆ, ತಲೆಯೆತ್ತದೆ.
ಅಮಾನುಲ್ಲಾಗೆ ಇನ್ನೂ ಹೇಳಿಲ್ಲ.