ಬಾಗಿಲಾ ಮುಚ್ಚೂ ಹಬ್ಬ

ಹುಬ್ಬಳ್ಳಿ ರೈಲ್ವೆ ಚಾಳಿನ್ಯಾಗ ನಮ್ಮವು ನಾಕ ಮನಿ.
ಬಾಬಾ ಬಾಯ್ಲರ್ ಶಾಪಿನ್ಯಾಗ, ಹಸ್ಸಾಜಿ ಕಾಕಾ ಗಾರ್ಡು,
ಉಳದವರು ಫಿಟರು, ಸ್ಟೋರ್ ಕ್ಲಾರ್ಕು.
ಗಂಡಸರನ್ನ ಎಣಿಸಿದ್ರ ಒಂಬತ್ತ.
ಕೂಡಿ ಪ್ರಾರ್ಥನಿ ಮಾಡಾಕ ಹತ್ತ ಬೇಕು.
ಒಂದರ ಜಾಗಾದಾಗ ಆಯಿ ಖಾಲಿ ಮಣಿ ಹಾಕಿ
'ಎಲಿಯಾ ಪ್ರವಾದಿ ಬಂದ್ರ ಕೂಡ್ಲಿ' ಅಂತಿದ್ಲು.

ಬಂದಾಂವ ಎಲಿಯಾ ಅಲ್ಲ.
ಗುಂತಕಲ್ ಗಾಡಿ ಇಳದು, ಹಮಾಲ ದಸ್ತಗೀರನ ಹಿಂದ,
ರಂಗೂನಿನ ಮೆನಾಶೆ ಮುದುಕ,
ಸೊಸಿ ಹಬೀಬಾ, ಆಕಿ ಬಗಲಾಗ ಝಕೈ ಅನ್ನೂ ಕೂಸು.
ಮಗಾ ಬರ್ಮಾದ ಅಡವ್ಯಾಗ ಉಳದಿದ್ದ.
ಅಡವ್ಯಾಗ ಎಲ್ಲಿ ಅಂತ ಯಾರೂ ಕೇಳಲಿಲ್ಲ.
ಕಾಲಾಗ ಬೂಟ ಇದ್ದವು, ಬೂಟಿಗೆ ತಳಾ ಇರಲಿಲ್ಲ.

ನಾಕ ಮನಿಯವರು ಕಾಕಾನ ಕಟ್ಟೀ ಮ್ಯಾಲ ಕೂತು
ತಿಂಗಳಿಗೆ ಒಂದೊಂದು ದಿನದ ಪಗಾರ ಅಂತ ಗಂಟ ಕಟ್ಟಿದ್ರು.
ಎಲ್ಲೋಜಿ ಮಾಮಾ ಮುಂಬಯಿಗೆ ಮೂರ ಕಾಗದಾ ಬರದ.
ಆಯಿ ಕೌದಿ ಕೊಟ್ಲು, ಅದರಾಗ ನನ್ನ ಲಂಗದ ತುಂಡೂ ಇತ್ತು,
ನನಗ ಭಾಳ ಸಿಟ್ಟ ಬಂತು.
ಗಾಣಿಗರ ಚನ್ನವೀರಪ್ಪ ತಂಬಿಗಿ ತುಂಬ ಕುಸುಬಿ ಎಣ್ಣಿ ತಂದು,
'ನಿಮ್ಮ ಹಿರ್ಯಾರೂ ಕೊಂಕಣದಾಗ ಗಾಣಾ ಹೊಡದವರಂತ,
ಶನಿವಾರ ಎತ್ತಿಗೂ ಸೂಟಿ ಕೊಡ್ತಿದ್ರಂತ.
ಎಣ್ಣಿಯವರ ಕಡೆ ಎಣ್ಣಿಯವರು ರೊಕ್ಕಾ ತಗೋಬಾರದು' ಅಂದ.

ಮುದುಕಂದು ಮಾತ ಕಮ್ಮಿ.
ಕಟಕ ರೊಟ್ಟಿ ಲಟಕ್ಕನ ಮುರದು, ಹುಳಿ ಹಿಡದಿಲ್ಲದ್ದು ನೋಡಿ
'ಪಸ್ಕಾ ಹಬ್ಬ ಬಂತೇನು?' ಅಂದ, ಹಿಂದೂಸ್ತಾನಿಯೊಳಗ.
'ನಮ್ಮ ಕಡೆ ದಿನಾಲೂ ಪಸ್ಕಾನ' ಅಂತ ಆಯಿ ನಕ್ಲು.
ಅಂವಾ ನಗಲಿಲ್ಲ.

ಹಬ್ಬದ ಹಿಂದಿನ ಸಂಜಿ ಬಾಬಾ ಕೈ ಒರಸಿಕೋತ ಬಂದು
'ಈ ವರ್ಷ ಹತ್ತ ಆತು' ಅಂದ.
ಮೆನಾಶೆ ಟೋಪಿ ಸರಿ ಮಾಡಿಕೊಂಡ.
ನಮ್ಮ ಮೈಬಣ್ಣ, ಆಯೀ ಮೂಗಬೊಟ್ಟು,
ಗ್ವಾಡಿ ಮ್ಯಾಲಿನ ಮರಾಠಿ ಕ್ಯಾಲೆಂಡರು
ಒಂದೊಂದ ನೋಡಿ, ಮೆಲ್ಲಕ:
'ನನ್ನ ಲೆಕ್ಕದಾಗ ಇಲ್ಲಿ ಒಬ್ಬನ ಇದ್ದಾನ.'

ಬಾಯ್ಲರು ಆರೂಮುಂದ ಒಂದ ಸಪ್ಪಳಾ ಬರ್ತೈತಿ ಅಂತ
ಬಾಬಾ ಹೇಳ್ತಿದ್ದ. ಕಬ್ಬಿಣಾ ತನ್ನಷ್ಟಕ್ಕ ಸಣ್ಣದಾಗೂ ಸಪ್ಪಳ.
ಪಡಸಾಲ್ಯಾಗ ಅಂಥಾದ್ದೊಂದು.

ಆಯಿ ಹೊರಗ ಬಂದ್ಲು, ಕೈಯಾಗ ಸವಟು.
'ನೀವು ಮಂದೀನ ಎಣಸ್ರಿ, ಅಜ್ಜಾರ.
ನಾವು ತಾಟ ಎಣಸ್ತೀವಿ.
ನಾಳಿ ಉಪಾಸ. ಈಗ ಉಣ್ಣಾಕ ಏಳ್ರಿ.'
ಉಂಡ. ನಾ ನೋಡೇನಿ,
ಎರಡ ಸಲ ಸಾರು ಹಾಕಿಸಿಕೊಂಡ.

ಬಾಗಿಲಾ ಮುಚ್ಚೂ ಹಬ್ಬ ಅಂತೀವಿ ಅದಕ್ಕ.
ಬಿಳೀ ಅರಿವಿ, ಬರಿಗಾಲು, ಒಳಚಿಲಕಾ.
ಯಾರ ಕರದ್ರೂ ಓ ಅನ್ನೂದಿಲ್ಲ,
ದೇವರ ಮುಂದ ವರ್ಷದ ಲೆಕ್ಕ ನಡದಿರತೈತಿ.
ಹೊರಗ ಗಣಪ್ಪನ್ನ ಕಳಸೂ ಹಲಗಿ.
ಒಳಗ ಒಂಬತ್ತ ಮಂದಿ ಒಂದ ಕಡೆ,
ಒಬ್ಬಾಂವ ಗ್ವಾಡಿಗೆ ಮಕಾ ಮಾಡಿ.

ಹೊತ್ತ ಇಳಿಯೂಮುಂದ ಬಾಗಿಲಾ ಬಡದ್ರು.
ದಸ್ತಗೀರನ ದನಿ: 'ಇನ್ನೂ ನಾಕ ಮಂದಿ, ರಂಗೂನಿನವರ.
ನಿಮ್ಮ ಪೈಕಿ ಅಲ್ಲ, ತೆಲುಗಿನವರು. ಹೆಂಗಸಿಗೆ ಜ್ವರ.'
ಬಾಬಾ ಕಾಕಾನ ಮಕಾ ನೋಡಿದ.
ಕಾಕಾ ಪುಸ್ತಕಾ ನೋಡಿದ.
ಮೂರ ಚಿಕ್ಕಿ ಇನ್ನೂ ಮೂಡಿರಲಿಲ್ಲ.

ಎದ್ದಾಂವ ಮೆನಾಶೆ.
ಚಿಲಕಾ ತಗಿಯಾಕ ಬರಲಿಲ್ಲ ಅಂವಗ.
ನಮ್ಮ ಚಿಲಕಾ ಮೊದಲ ಎತ್ತಬೇಕು,
ಆಮ್ಯಾಲ ಜಗ್ಗಬೇಕು.
ನಾನ ಓಡಿಹೋಗಿ ತೋರಿಸಿದೆ.
ತಗದ. ನೋಡಿದ.
ನಮ್ಮ ಕಡೆ ಹೊಳ್ಳದನ
'ನಾಕ ತಾಟ' ಅಂದ.

ಆಮ್ಯಾಲ ಹತ್ತ ಆದ್ವೇನು ಅಂತ ನನ್ನ ಕೇಳಬ್ಯಾಡ್ರಿ.
ಒಂಬತ್ತ ವರ್ಷದ ಹೆಣ್ಣ ಹುಡಿಗಿ,
ನನ್ನನ್ನೂ ಯಾರೂ ಎಣಿಸ್ತಿರಲಿಲ್ಲ.
ಖಾಲಿ ಮಣೀ ಮ್ಯಾಲ ಆ ತೆಲುಗಿನ ಹೆಂಗಸು ಕೂತು
ಎರಡೂ ಕೈಲೆ ಹಿಡದು ಗಂಜಿ ಕುಡದ್ಲು.
ಎಲಿಯಾ ಪ್ರವಾದಿ ಏನೂ ಅನ್ನಲಿಲ್ಲ.