ಜರಡಿ

ಜವೆಗೋಧಿ ಹುರಿದು ಗಂಟು ಕಟ್ಟಿದಳು ತಿರುನೇಶ್,
ಬಿಳಿ ನೆಟೆಲಾ ಒಗೆದು ಬೇಲಿಗೆ ಹರವಿದಳು.
ಚಪ್ಪಲಿ ಮೂಲೆಗೆ. ಮೇಕೆ ನೆರೆಮನೆಗೆ.

ಉಳಿದದ್ದು ಒಂದು ಜರಡಿ:
ನಾದಿನಿ ಅಸ್ಕಾಲೆಯಿಂದ ಕಡ ತಂದದ್ದು,
ಮಾತು ಮುರಿದು ಏಳು ವರ್ಷ
ಇಲ್ಲೇ ಗೋಡೆಗೆ ನೇತುಬಿದ್ದದ್ದು.

ನಲವತ್ತೇ ಹೆಜ್ಜೆ.
ಅರ್ಧ ದಾರಿಗೇ ಉಸಿರು ಕಟ್ಟಿತು.
ಅಸ್ಕಾಲೆ ಇಸಿದುಕೊಂಡಳು, ಬೆಳಕಿಗೆ ಹಿಡಿದಳು,
‘ತೂತು ದೊಡ್ಡದಾಗಿದೆ’ ಅಂದಳು. ಅಷ್ಟೇ.

ನಸುಕಿಗೆ ನೋಡಿದರೆ ಬಾಗಿಲಲ್ಲಿ
ಅವಳೂ, ಅವಳದೊಂದು ಊರುಗೋಲೂ.

ಲಾಲಿಬೆಲಾಗೆ ಆರು ದಿನ. ಹಿಮ್ಮಡಿಯ ಬಿರುಕಿಗೆ ಧೂಳು.
ನಾಲ್ಕನೆಯ ಸಂಜೆ ಜವೆ ಅಗಿಯುವಾಗ
ತಿರುನೇಶಳ ಹಲ್ಲಿಗೆ ಕಲ್ಲು.
‘ಹೇಳಲಿಲ್ಲವೆ?’ ಅಂದಳು ಅಸ್ಕಾಲೆ.
ನಕ್ಕು ನಕ್ಕು ಕೆಮ್ಮು ಬಂತು.

ಬೆಟ್ಟದ ಮೇಲೆ ಇಗರ್ಜಿ ಕಾಣಲಿಲ್ಲ.
ಬಂಡೆ ಕೊರೆದು ನೆಲದೊಳಗಿಟ್ಟಿದ್ದಾರೆ,
ಡೋಲಿನ ಸದ್ದೂ ಅಲ್ಲಿಂದಲೇ.
ಇಷ್ಟು ಹತ್ತಿದ್ದು
ಇಳಿಯುವುದಕ್ಕೆ.