ಹಾಜರಿ

ಡಾರ್ಸೆಟ್ಟಿನ ಆ ಸಣ್ಣ ಊರಿನ ಶಾಲೆಯಲ್ಲಿ
ಅಮ್ಮ ಇಟ್ಟ ಹೆಸರುಗಳು
ಟ್ರಂಕಿನ ತಳದಲ್ಲೇ ಉಳಿದವು.
ಅಣ್ಣ ಟ್ರೆಮ್ಲೆಟ್ ಹಿರಿಯ,
ನಾನು ಟ್ರೆಮ್ಲೆಟ್ ಕಿರಿಯ.

ಅವನು ದೊಡ್ಡ ಹುಡುಗರ ಬೂಟು ತಿಕ್ಕಿದ,
ಬ್ರೆಡ್ಡು ಸುಟ್ಟುಕೊಟ್ಟ,
ಮಂಜು ಬಿದ್ದ ಬೆಳಗುಗಳಲ್ಲಿ
ಅವರಿಗಿಂತ ಮೊದಲು ಕಕ್ಕಸಿನ ಹಲಗೆಯ ಮೇಲೆ ಕೂತು
ಬೆಚ್ಚಗೆ ಮಾಡಿಟ್ಟ.
ಪದ್ಧತಿ, ಅಂದರು. ಅಷ್ಟೇ.

ನವೆಂಬರಿನ ಒಂದು ರಾತ್ರಿ
ಅವನ ಬೂಟಿನ ಲೇಸು ನಾನೇ ಕಟ್ಟಿದೆ;
ಅವನ ಬೆರಳು ನಿಲ್ಲುತ್ತಿರಲಿಲ್ಲ.
ದೂರದಲ್ಲಿ ಹಾಲಿನ ರೈಲು ಕೂಗಿತು.
ಆಮೇಲೆ ಇಗರ್ಜಿಯ ಗಂಟೆ
ಐದು, ಆರು, ಏಳು.

"ಟ್ರೆಮ್ಲೆಟ್ ಹಿರಿಯ?"
ಗಂಟಲು ದಪ್ಪ ಮಾಡಿ "ಹಾಜರ್" ಅಂದೆ.
"ಟ್ರೆಮ್ಲೆಟ್ ಕಿರಿಯ?"
"ಹಾಜರ್."

ಮಾಸ್ತರು ತಲೆ ಎತ್ತಲಿಲ್ಲ.
ಎರಡನೇ ಗೀಟಿನ ಮೇಲೆ ಪೆನ್ನು
ತುಸು ಹೆಚ್ಚೇ ಹೊತ್ತು ನಿಂತಿತು,
ಶಾಯಿ ಹರಡಿತು.